ಹಳೇ ಪಿಕಪ್‌ಗೆ ಎರಡನೇ ಬ್ಯಾಟ್ರಿ: ನಿಮ್ಮ ಪ್ರಶ್ನೆ, ಬಾನೆಟ್ ಎತ್ತಿ ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಹಳೇ ಪಿಕಪ್‌ಗೆ ಇನ್ನೊಂದು ಬ್ಯಾಟ್ರಿ ಹಾಕ್ಬಹುದಾ, ಹೇಗೆ ಹಾಕೋದು, ಹಾಕಿದ್ಮೇಲೂ ಯಾಕೆ ಕೆಲಸ ಮಾಡ್ತಿಲ್ಲ. ಹಾಗಾಗಿ ಕ್ಲಚ್ಚು, ಗೇರ್‌ಬಾಕ್ಸು, ಕಪ್ಪು ಹೊಗೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವತ್ತು ಬರೀ ಬ್ಯಾಟ್ರಿ ಹಿಡ್ಕೊಂಡು ಕೂತಿದೀನಿ. ಒಂದೇ ತರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಬೈಕೋಬೇಡಿ.

ಪ್ರಶ್ನೆ: ನಂದು ಹಳೇ ಡೀಸೆಲ್ ಪಿಕಪ್ ಸರ್. ದೂರದ ಓಡಾಟ ಜಾಸ್ತಿ, ರಾತ್ರಿ ಗಾಡೀಲೇ ಮಲಗ್ತೀನಿ. ಒಂದು ಸಣ್ಣ 12 ವೋಲ್ಟ್ ಫ್ರಿಜ್, ಎರಡು ಎಲ್‌ಇಡಿ ಲೈಟು, ಮೊಬೈಲ್ ಚಾರ್ಜಿಂಗ್ ಅಷ್ಟೇ. ಆದ್ರೂ ಎರಡು ಸಲ ಬೆಳಿಗ್ಗೆ ಸೆಲ್ಫ್ ಹೊಡೀಲೇ ಇಲ್ಲ, ಟಕ್ ಅಂದು ಸುಮ್ನಾಯ್ತು, ತಳ್ಳಿ ಸ್ಟಾರ್ಟ್ ಮಾಡಿದ್ವಿ. ಫ್ರೆಂಡ್ ಹೇಳ್ತಾನೆ ಇನ್ನೊಂದು ಬ್ಯಾಟ್ರಿ ತಂದು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜಾಯಿಂಟ್ ಮಾಡಿಬಿಡು ಆಯ್ತು ಅಂತ. ಅಷ್ಟು ಸಾಕಾ?

ಉತ್ತರ: ಸಾಕಾಗಲ್ಲ. ನಿಮ್ಮ ಫ್ರೆಂಡ್ ಹೇಳಿದ ಹಾಗೆ ಮಾಡಿದ್ರೆ ಬೆಳಿಗ್ಗೆ ಒಂದು ಬ್ಯಾಟ್ರಿ ಡೌನ್ ಆಗೋ ಬದಲು ಎರಡು ಬ್ಯಾಟ್ರಿ ಡೌನ್ ಆಗಿರತ್ತೆ, ಸ್ವಲ್ಪ ತಡವಾಗಿ ಅಷ್ಟೇ. ಎರಡನೇ ಬ್ಯಾಟ್ರಿ ಹಾಕೋದರ ಅಸಲು ಉದ್ದೇಶ ಇನ್ನೊಂದು ಬ್ಯಾಟ್ರಿ ಇರ್ಲಿ ಅಂತಲ್ಲ, ಇಂಜಿನ್ ಆಫ್ ಆದ ತಕ್ಷಣ ಎರಡೂ ಬೇರೆ ಬೇರೆ ಆಗ್ಬೇಕು ಅಂತ. ಫ್ರಿಜ್ಜು, ಲೈಟು ಎಲ್ಲ ಎರಡನೇದರ ಮೇಲೆ, ಮೊದಲನೇದು ಬರೀ ಸೆಲ್ಫಿಗೆ ಮೀಸಲು. ಇಂಜಿನ್ ಓಡೋವಾಗ ಮಾತ್ರ ಎರಡೂ ಸೇರ್ಕೊಂಡು ಆಲ್ಟರ್ನೇಟರ್ (ಇಂಜಿನ್ ತಿರುಗೋವಾಗ ಕರೆಂಟ್ ಹುಟ್ಟಿಸೋ ಯಂತ್ರ) ಕೈಯಲ್ಲಿ ಚಾರ್ಜ್ ಆಗ್ಬೇಕು. ಈ ಸೇರೋದು ಬಿಡೋದು ಯಾರು ಮಾಡ್ತಾರೆ ಅನ್ನೋದೇ ಪೂರ್ತಿ ಕಥೆ, ಅದು ಮುಂದಿನ ಪ್ರಶ್ನೇಲಿ ಬರತ್ತೆ.

ಆದ್ರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಹಳೇ ಗಾಡಿಗಳಲ್ಲಿ ಬ್ಯಾಟ್ರಿ ಡೌನ್ ಆಗೋದಕ್ಕೆ ಎಷ್ಟೋ ಸಲ ಫ್ರಿಜ್ ಕಾರಣನೇ ಅಲ್ಲ, ಚಾರ್ಜೇ ಸರಿಯಾಗಿ ಆಗ್ತಿರಲ್ಲ. ಅಂಥಾ ಗಾಡಿಗೆ ಎರಡನೇ ಬ್ಯಾಟ್ರಿ ಹಾಕೋದು ನೀರು ಬರದ ನಲ್ಲಿ ಕೆಳಗೆ ಇನ್ನೊಂದು ಕೊಡ ಇಟ್ಟ ಹಾಗೆ. ಒಂದು ಸಾಧಾರಣ ಮಲ್ಟಿಮೀಟರ್ ತಗೊಳ್ಳಿ. ಗಾಡಿ ರಾತ್ರಿಯಿಡೀ ಏನೂ ಲೋಡ್ ಇಲ್ದೆ ನಿಂತಿದ್ದು ಬೆಳಿಗ್ಗೆ ಬ್ಯಾಟ್ರಿ ಮೇಲೆ ಇಟ್ಟು ನೋಡಿದ್ರೆ 12.6 ಆಸುಪಾಸು ಇರ್ಬೇಕು, ಅದು ಫುಲ್. 12.2 ಇದ್ರೆ ಅರ್ಧ. 11.9ಕ್ಕೆ ಬಂದಿದ್ರೆ ಖಾಲಿ ಅಂತಲೇ ಲೆಕ್ಕ. ಆಮೇಲೆ ಯಾರಾದ್ರೂ ಸೆಲ್ಫ್ ಹೊಡಿಯೋವಾಗ ಮೀಟರ್ ನೋಡ್ತಾ ಇರಿ, 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟ್ರಿ ಸುಸ್ತಾಗಿದೆ ಅಥವಾ ಅರ್ಥಿಂಗ್ ಕೇಬಲ್ ಹಾಳಾಗಿದೆ. ಸ್ಟಾರ್ಟ್ ಆದ್ಮೇಲೆ ಸ್ವಲ್ಪ ರೇಸ್ ಕೊಟ್ಟು ನೋಡಿ, 13.8ರಿಂದ 14.4ರ ಒಳಗೆ ನಿಲ್ಬೇಕು. 13.2ರಲ್ಲೇ ತೆವಳ್ತಾ ಇದ್ರೆ ಬೆಲ್ಟ್ ಸಡಿಲ ಇರ್ಬಹುದು, ಆಲ್ಟರ್ನೇಟರ್ ಬ್ರಷ್ ಸವೆದಿರ್ಬಹುದು, ಇಲ್ಲಾ ರೆಗ್ಯುಲೇಟರ್ ಕೈಕೊಟ್ಟಿರ್ಬಹುದು (ಹಳೇ ಮೆಕ್ಯಾನಿಕ್‌ಗಳು ಕಟೌಟ್ ಅಂತಾರಲ್ಲ, ಅದೇ). 15 ದಾಟಿದ್ರೆ ಇನ್ನೂ ಅಪಾಯ, ಬ್ಯಾಟ್ರಿ ನೀರು ಕುದ್ದು ಆವಿಯಾಗ್ತಿದೆ ಅಂತ ಅರ್ಥ, ಎರಡನೇದನ್ನ ಹಾಕಿದ್ರೆ ಅದನ್ನೂ ಬೇಯಿಸತ್ತೆ.

ಇನ್ನೊಂದು, ಕೀ ತೆಗೆದ್ಮೇಲೂ ಕದ್ದು ಕರೆಂಟ್ ಹೀರೋ ವೈರ್ ಏನಾದ್ರೂ ಇದ್ಯಾ ನೋಡಿ. ಮೈನಸ್ ಟರ್ಮಿನಲ್ ಬಿಚ್ಚಿ ಮಧ್ಯ ಆಂಪ್ ಮೀಟರ್ ಸೇರಿಸಿದ್ರೆ 50 ಮಿಲಿಆಂಪ್ ಒಳಗೆ ಇರ್ಬೇಕು, ಹಳೇ ಗಾಡೀಲಿ ಅದಕ್ಕಿಂತ ಎಷ್ಟೋ ಕಮ್ಮಿ ಇರತ್ತೆ. ನಂದೇ ಗಾಡೀಲಿ ಒಂದ್ಸಲ 400 ತೋರಿಸ್ತು. ಒಂದೊಂದೇ ಫ್ಯೂಸ್ ಕಿತ್ತು ನೋಡ್ತಾ ಹೋದ್ರೆ ಕೊನೆಗೆ ಸಿಕ್ಕಿದ್ದು ಗ್ಲವ್‌ಬಾಕ್ಸ್ ಒಳಗಿನ ಸಣ್ಣ ಬಲ್ಬು, ಮುಚ್ಚಳ ಮುಚ್ಚಿದ್ರೂ ಒಳಗೆ ಉರೀತಾ ಕೂತಿತ್ತು. ದಿನಕ್ಕೆ ಹತ್ತತ್ರ 10 ಆಂಪ್ ಅವರ್ (1 ಆಂಪ್ ಒಂದು ಗಂಟೆ ಎಳೆದ್ರೆ 1 ಆಂಪ್ ಅವರ್) ಅದೊಂದೇ ನುಂಗ್ತಿತ್ತು, ನಾನು ಬ್ಯಾಟ್ರಿ ಕಂಪನಿಗೆ ಶಾಪ ಹಾಕ್ತಾ ಓಡಾಡ್ತಿದ್ದೆ.

ಇದೆಲ್ಲ ಸರಿ ಇದ್ದು, ಆದ್ರೂ ರಾತ್ರಿ ಫ್ರಿಜ್ ಓಡಿಸಿದ್ರೆ ಮಾತ್ರ ಡೌನ್ ಆಗ್ತಿದೆ ಅಂದ್ರೆ, ಆಗ ಎರಡನೇ ಬ್ಯಾಟ್ರಿ ಹಾಕಿ, ತಪ್ಪಿಲ್ಲ.

ಪ್ರಶ್ನೆ: ಎರಡು ಬ್ಯಾಟ್ರಿ ಮಧ್ಯ ಐಸೊಲೇಟರ್ ಹಾಕ್ಬೇಕು ಅಂತಾರೆ. ಒಬ್ಬ ಸ್ವಿಚ್ ಅಂತಾನೆ, ಒಬ್ಬ ಡಯೋಡ್ ಅಂತಾನೆ, ಒಬ್ಬ ಸೊಲೆನಾಯ್ಡ್, ಇನ್ನೊಬ್ಬ ವಿಎಸ್‌ಆರ್, ಮತ್ತೊಬ್ಬ ಡಿಸಿ ಟು ಡಿಸಿ. ತಲೆ ಕೆಟ್ಟೋಗಿದೆ. ಹಳೇ ಗಾಡಿಗೆ ಯಾವುದು?

ಉತ್ತರ: ಎಲ್ಲಾ ಕೆಲಸ ಮಾಡತ್ತೆ, ಎಲ್ಲದಕ್ಕೂ ಒಂದೊಂದು ಕೊಂಕು ಇದೆ.

ದಪ್ಪ ಕೈ ಸ್ವಿಚ್, ಬೋಟ್‌ಗಳಲ್ಲಿ ಹಾಕ್ತಾರಲ್ಲ ಒಂದು, ಎರಡು, ಎರಡೂ, ಆಫ್ ಅಂತ ತಿರುಗಿಸೋದು, ಅದು ಕೆಡೋದೇ ಕಮ್ಮಿ. ಕೆಡೋದು ನಮ್ಮ ನೆನಪು. ರಾತ್ರಿ ಸುಸ್ತಾಗಿ ಬಂದು ಸ್ವಿಚ್ ತಿರುಗಿಸೋದು ಮರೆತು ಮಲಗಿದ್ರೆ ಮತ್ತೆ ಅದೇ ತಳ್ಳೋ ಕೆಲಸ.

ಡಯೋಡ್ ಐಸೊಲೇಟರ್‌ಗೆ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು) ನೆನಪಿಡೋ ತಲೆನೋವಿಲ್ಲ, ಅಲ್ಲಾಡೋ ಪಾರ್ಟೂ ಇಲ್ಲ, ಆದ್ರೆ ಸಿಲಿಕಾನ್ ಡಯೋಡ್ ದಾಟೋವಾಗ 0.7 ವೋಲ್ಟ್ ಆಸುಪಾಸು ಕಳೆದು ಹೋಗತ್ತೆ. ಆಲ್ಟರ್ನೇಟರ್ 14.2 ಕೊಟ್ರೆ ಬ್ಯಾಟ್ರಿಗೆ ಸಿಗೋದು 13.5. ಅಷ್ಟರಲ್ಲಿ ಲೆಡ್ ಆಸಿಡ್ ಬ್ಯಾಟ್ರಿ ಯಾವತ್ತೂ ಹೊಟ್ಟೆ ತುಂಬಾ ಉಣ್ಣಲ್ಲ, ಅರೆಹೊಟ್ಟೇಲಿ ಬಿದ್ದು ಬಿದ್ದು ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳತ್ತೆ. ನಾನು ಡಯೋಡ್ ಹಾಕಿ ಅನ್ನಲ್ಲ.

ಸೊಲೆನಾಯ್ಡ್ ಸುಲಭ, ಸಣ್ಣ ವೈರಿಗೆ ಕರೆಂಟ್ ಕೊಟ್ರೆ ತಾನೇ ಸೇರೋ ದಪ್ಪ ಸ್ವಿಚ್ ಅದು. ಕೀ ಆನ್ ಮಾಡಿದ್ರೆ ಸೇರತ್ತೆ, ಆಫ್ ಮಾಡಿದ್ರೆ ಬಿಡತ್ತೆ. ಇಲ್ಲಿ ನಾನು ಕೈ ಸುಟ್ಕೊಂಡಿದ್ದು ಹೇಳ್ಲೇಬೇಕು. ನಮ್ಮ ಪಿಕಪ್‌ಗೆ ಮೊದಲ ಸಲ ಹಾಕಿದಾಗ ಅಂಗಡಿಯವನು ಕೊಟ್ಟಿದ್ದು ಸೆಲ್ಫ್ ಮೋಟಾರಿನ ಸೊಲೆನಾಯ್ಡು. ನೋಡೋಕೆ ಎರಡೂ ಒಂದೇ ತರ, ಅದೇ ಎರಡು ದಪ್ಪ ಬೋಲ್ಟು, ಅದೇ ಸಣ್ಣ ಪಿನ್ನು. ಸೆಲ್ಫಿನದು ಕೆಲವೇ ಸೆಕೆಂಡ್ ಕೆಲಸಕ್ಕೆ ಅಂತ ಮಾಡಿದ್ದು, ನಮಗೆ ಬೇಕಾಗಿದ್ದು ಗಂಟೆಗಟ್ಟಲೆ ಕರೆಂಟ್ ಹಿಡ್ಕೊಂಡು ಕೂರೋ ಕಂಟಿನ್ಯುಯಸ್ ಡ್ಯೂಟಿದು, ನನಗದು ಗೊತ್ತಿರ್ಲಿಲ್ಲ, ಅವನಿಗೂ ಗೊತ್ತಿರ್ಲಿಲ್ವೋ ಏನೋ. ಮುಕ್ಕಾಲು ಗಂಟೆ ಓಡಿಸಿದ್ಮೇಲೆ ಬಾನೆಟ್ ಕಡೆಯಿಂದ ವಾರ್ನಿಷ್ ಸುಟ್ಟ ವಾಸನೆ ಬಂತು, ನಿಲ್ಲಿಸಿ ಮುಟ್ಟಿದ್ರೆ ಬೆರಳು ಇಡೋಕಾಗ್ತಿಲ್ಲ. ಸರಿ, ತಣ್ಣಗಾಗ್ಲಿ ಅಂತ ಕೀ ತೆಗೆದು ಮಲಗಿದೆ. ಬೆಳಿಗ್ಗೆ ನೋಡಿದ್ರೆ ಒಳಗಿನ ಕಾಂಟ್ಯಾಕ್ಟ್ ಎರಡೂ ಕರಗಿ ಅಂಟ್ಕೊಂಡು ರಾತ್ರಿಯಿಡೀ ಬಿಟ್ಟೇ ಇಲ್ಲ, ಫ್ರಿಜ್ಜು ಎರಡೂ ಬ್ಯಾಟ್ರಿ ಕುಡಿದು ಮುಗಿಸಿದೆ. ಐಸೊಲೇಟರ್ ಹಾಕಿದ್ದೇ ಅದಾಗ್ಬಾರ್ದು ಅಂತ! ಹಾಗಾಗಿ ತಗೊಳ್ಳೋವಾಗ ಬಾಯಲ್ಲಿ ಕೇಳಿದ್ದು ಸಾಲ್ದು, ಮೈಮೇಲೆ ಕಂಟಿನ್ಯುಯಸ್ ಅಂತ ಬರೆದಿದ್ಯಾ ಓದಿ ತಗೊಳ್ಳಿ.

ಸೊಲೆನಾಯ್ಡಲ್ಲಿ ಇನ್ನೊಂದು ಕೊಂಕು. ಕೀ ಆನ್ ವೈರಿಂದ ಓಡಿಸಿದ್ರೆ ಸೆಲ್ಫ್ ಹೊಡಿಯೋವಾಗಲೂ ಎರಡು ಬ್ಯಾಟ್ರಿ ಸೇರೇ ಇರತ್ತೆ, ಸೆಲ್ಫಿಗೆ ಬೇಕಾದ ಕರೆಂಟ್‌ನಲ್ಲಿ ಒಂದು ಪಾಲು ಆ ಕಡೆಯಿಂದ ಸಣ್ಣ ಕೇಬಲಲ್ಲಿ ನುಗ್ಗಿ ಫ್ಯೂಸ್ ಹಾರಿಸತ್ತೆ. ಅದಕ್ಕೆ ಆಲ್ಟರ್ನೇಟರಿನ ಚಾರ್ಜಿಂಗ್ ಲೈಟ್ ವೈರಿಂದ ಒಂದು ಸಣ್ಣ ರಿಲೇ ಓಡಿಸಿ ಆ ರಿಲೇ ಇಂದ ಸೊಲೆನಾಯ್ಡ್ ಓಡಿಸ್ತಾರೆ, ಆಗ ಚಾರ್ಜ್ ಶುರುವಾದ ಮೇಲೇ ಸೇರೋದು. ನೇರವಾಗಿ ಆ ವೈರಿಗೆ ಸೊಲೆನಾಯ್ಡ್ ಕಟ್ಬೇಡಿ, ಅದಕ್ಕೆ ಅಷ್ಟು ಕರೆಂಟ್ ಕೊಡೋ ತಾಕತ್ತಿಲ್ಲ.

ವಿಎಸ್‌ಆರ್ ಅಂದ್ರೆ ವೋಲ್ಟೇಜ್ ನೋಡ್ಕೊಂಡು ತಾನೇ ಸೇರೋ ರಿಲೇ. ಸಾಮಾನ್ಯವಾಗಿ ಮೊದಲ ಬ್ಯಾಟ್ರಿ 13.3 ದಾಟಿದ್ರೆ ಸೇರಿಸತ್ತೆ, 12.8ಕ್ಕೆ ಇಳಿದ್ರೆ ಬಿಡತ್ತೆ. ಕೀ ವೈರ್ ಹುಡುಕೋ ರಗಳೆ ಇಲ್ಲ. ಹಳೇ ಪಿಕಪ್‌ಗಳ ಆಲ್ಟರ್ನೇಟರ್ ಒಂದೇ ಸಮ 14ರ ಹತ್ರ ಕೊಡತ್ತಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಇಂಜಿನ್ ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ಅದರ ಲೈಟ್ ಉರೀತಾನೇ ಇರತ್ತೆ, ಕೆಟ್ಟಿದೆ ಅಂತ ಬಿಚ್ಬೇಡಿ, ಬ್ಯಾಟ್ರಿ ವೋಲ್ಟೇಜು ನಿಧಾನಕ್ಕೆ ಇಳಿಯೋವರೆಗೂ ಕಾಯ್ತಿರತ್ತೆ ಅಷ್ಟೇ.

ಡಿಸಿ ಟು ಡಿಸಿ ಚಾರ್ಜರ್ ಎಲ್ಲಕ್ಕಿಂತ ಅಚ್ಚುಕಟ್ಟು, ದುಡ್ಡೂ ಜಾಸ್ತಿ. ಆಲ್ಟರ್ನೇಟರ್ ಎಷ್ಟೇ ಕೊಡ್ಲಿ ಅದು ಎರಡನೇ ಬ್ಯಾಟ್ರಿಗೆ ಬೇಕಾದಷ್ಟೇ ವೋಲ್ಟೇಜ್ ಮಾಡಿ ಕೊಡತ್ತೆ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಆಲ್ಟರ್ನೇಟರ್ ವೋಲ್ಟೇಜ್ ಏರಿಳಿಯೋದ್ರಿಂದ ಅಲ್ಲಿ ಇದು ಬೇಕೇ ಬೇಕು. ಹಳೇ ಗಾಡಿಗೆ ಲಿಥಿಯಂ ಹಾಕೋದಾದ್ರೆ ಅಥವಾ ಬ್ಯಾಟ್ರಿ ತುಂಬಾ ದೂರ ಇದ್ರೆ ಹಾಕಿ, ಇಲ್ಲಾಂದ್ರೆ ವಿಎಸ್‌ಆರ್ ಸಾಕು.

ಪ್ರಶ್ನೆ: ಎರಡನೇ ಬ್ಯಾಟ್ರಿ ಹಿಂದೆ ತೊಟ್ಟೀಲಿ ಇಡ್ತಿದೀನಿ. ಎಲೆಕ್ಟ್ರಿಷಿಯನ್ 6 ಸ್ಕ್ವೇರ್ ಎಂಎಂ ವೈರ್ ಸಾಕು, ಫ್ರಿಜ್ ಎಷ್ಟು ಎಳೆಯತ್ತೆ ಮಹಾ ಅಂತಿದಾನೆ. ಹೌದಾ?

ಉತ್ತರ: ಫ್ರಿಜ್ಜಿಗೆ ಸಾಕು, ಚಾರ್ಜಿಂಗಿಗೆ ಸಾಲ್ದು. ಖಾಲಿ ಆಗಿರೋ ಬ್ಯಾಟ್ರಿ ಮೊದಲ ಅರ್ಧ ಗಂಟೆ 30, 40 ಆಂಪ್ ಎಳೆಯತ್ತೆ, ಅದಕ್ಕೆ ಕೇಬಲ್ ಲೆಕ್ಕ ಹಾಕ್ಬೇಕು. ಲೆಕ್ಕ ಕಷ್ಟ ಇಲ್ಲ. ತಾಮ್ರದ ವೈರ್ ಉದ್ದ ಮೀಟರಲ್ಲಿ ತಗೊಂಡು 0.0175ರಿಂದ ಗುಣಿಸಿ, ದಪ್ಪದಿಂದ (ಸ್ಕ್ವೇರ್ ಎಂಎಂ ಲೆಕ್ಕದ್ದು) ಭಾಗಿಸಿ, ಬಂದಿದ್ದು ಓಮ್. ಅದನ್ನ ಆಂಪ್‌ನಿಂದ ಗುಣಿಸಿದ್ರೆ ದಾರೀಲಿ ಕಳೆದುಹೋಗೋ ವೋಲ್ಟ್. ಮುಂದಿಂದ ಹಿಂದಕ್ಕೆ 5 ಮೀಟರ್, 40 ಆಂಪ್ ಅಂದ್ಕೊಳ್ಳಿ. 6 ಸ್ಕ್ವೇರಲ್ಲಿ 0.58 ವೋಲ್ಟ್ ಹೋಯ್ತು. ವಾಪಸ್ ಬರೋದಕ್ಕೂ ಅದೇ ವೈರ್ ಎಳೆದಿದ್ರೆ ಡಬಲ್, 1.17. 14.2 ಹೊರಟಿದ್ದು ಅಲ್ಲಿಗೆ ಮುಟ್ಟೋದು 13. ಅದೇ 16 ಸ್ಕ್ವೇರಲ್ಲಿ ಒಂದು ಕಡೆಗೆ 0.22, 25ರಲ್ಲಿ 0.14.

ತಿಳಿದವರು ಕೇಳ್ತಾರೆ, ಬ್ಯಾಟ್ರಿ ತುಂಬ್ತಾ ತುಂಬ್ತಾ ಕರೆಂಟ್ ಕಮ್ಮಿ ಆಗತ್ತಲ್ಲ, ಆಗ ಡ್ರಾಪ್ ಕೂಡ ಕಮ್ಮಿ ಆಗಿ ಕೊನೆಗೆ ಫುಲ್ ಆಗೇ ಆಗತ್ತಲ್ಲ ಅಂತ. ಆಗತ್ತೆ, ನಿಜ. ಆದ್ರೆ ದಿನಾ ಪೂರ್ತಿ ಓಡಿಸಿದ್ರೆ. ಎರಡು ಗಂಟೆ ಓಡಿಸಿ ನಿಲ್ಲಿಸೋರಿಗೆ ಆ ಕೊನೆ ಬರೋದೇ ಇಲ್ಲ. 16ಕ್ಕಿಂತ ಕಮ್ಮಿ ಹಾಕ್ಬೇಡಿ, ಹಿಂದೆ ತೊಟ್ಟೀಗೆ ಅಂದ್ರೆ 25 ಹಾಕಿ ನೆಮ್ಮದಿಯಾಗಿರಿ. ಮತ್ತೆ ಕತ್ತರಿಸಿದ ತುದಿ ಕೆರೆದು ನೋಡಿ, ಮೇಲೆ ಕೆಂಪು ಒಳಗೆ ಬಿಳಿ ಅಂದ್ರೆ ಅದು ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದಿದ್ದು, ಈ ಲೆಕ್ಕ ಅದಕ್ಕೆ ನಡೆಯಲ್ಲ.

ಪ್ರಶ್ನೆ: ಫ್ಯೂಸ್ ಬ್ಯಾಟ್ರಿ ಹತ್ರ ಒಂದು ಹಾಕಿದೀನಿ. ಎರಡು ಯಾಕೆ ಬೇಕು ಅಂತಾರೆ?

ಉತ್ತರ: ಯಾಕಂದ್ರೆ ಆ ಕೇಬಲ್‌ಗೆ ಎರಡೂ ತುದೀಲಿ ಬ್ಯಾಟ್ರಿ ಇದೆ. ಮನೆ ವೈರಿಂಗ್ ತರ ಒಂದು ಕಡೆಯಿಂದ ಕರೆಂಟ್ ಬಂದು ಇನ್ನೊಂದು ಕಡೆ ಮುಗಿಯಲ್ಲ. ಚಾಸಿಸ್‌ಗೆ ಉಜ್ಜಿ ಉಜ್ಜಿ ಮಧ್ಯ ಎಲ್ಲೋ ಕೇಬಲ್ ಸಿಪ್ಪೆ ಹರಿದು ಬಾಡಿಗೆ ತಾಗ್ತು ಅಂದ್ಕೊಳ್ಳಿ. ಮುಂದಿನ ಫ್ಯೂಸ್ ಹಾರಿತು, ಸರಿ, ಮುಂದಿನ ಬ್ಯಾಟ್ರಿ ಬಚಾವ್. ಹಿಂದಿನ ಬ್ಯಾಟ್ರಿ ಮಾತ್ರ ಸಾವಿರ ಆಂಪ್ ತನಕ ಸುರೀತಾನೇ ಇರತ್ತೆ, ಕೇಬಲ್ ಕೆಂಪಗೆ ಕಾಯ್ದು ಬೆಂಕಿ ಹಿಡಿಯೋವರೆಗೂ. ಹಾಗಾಗಿ ಎರಡೂ ಬ್ಯಾಟ್ರಿ ಪ್ಲಸ್ ಹತ್ರ, ಗೇಣುದ್ದದ ಒಳಗೆ ಒಂದೊಂದು ಫ್ಯೂಸ್. ಫ್ಯೂಸ್ ಇರೋದು ಕೇಬಲ್ ಕಾಯೋಕೆ, ಫ್ರಿಜ್ ಕಾಯೋಕಲ್ಲ, ಆದ್ದರಿಂದ ಕೇಬಲ್ ತಡೆಯೋದಕ್ಕಿಂತ ಕಮ್ಮಿ ಇರ್ಬೇಕು, ರಿಲೇ ರೇಟಿಂಗಿಗಿಂತಲೂ ಕಮ್ಮಿ. 16 ಸ್ಕ್ವೇರ್‌ಗೆ 60 ಅಥವಾ 80 ಆಂಪ್, ಬೋಲ್ಟ್ ಹಾಕಿ ಬಿಗಿಯೋ ತರದ್ದು. ಫ್ಯೂಸ್ ಹಾರ್ತಾ ಇದೆ ಅಂತ ದೊಡ್ಡದು ಹಾಕೋರು, ತಂತಿ ಸುತ್ತೋರು ದಯವಿಟ್ಟು ಈ ಕಾಲಂ ಓದ್ಬೇಡಿ.

ಪ್ರಶ್ನೆ: ಬಾನೆಟ್ ಒಳಗೆ ಜಾಗ ಇಲ್ಲ. ಸೀಟ್ ಹಿಂದೆ ಕ್ಯಾಬಿನ್ ಒಳಗೆ ಇಟ್ರೆ ನಡೆಯತ್ತಾ?

ಉತ್ತರ: ನೀರು ಹಾಕೋ ತರದ ಬ್ಯಾಟ್ರಿ ಆದ್ರೆ ಖಂಡಿತಾ ಬೇಡ. ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡತ್ತೆ, ಗಾಳೀಲಿ 4 ಪರ್ಸೆಂಟ್ ಸೇರಿದ್ರೆ ಒಂದು ಕಿಡಿ ಸಾಕು, ನೀವು ಮಲಗೋದೂ ಅಲ್ಲೇ. ಆಸಿಡ್ ಚೆಲ್ಲೋದು ಬೇರೆ. ಎಜಿಎಂ (ಆಸಿಡ್ಡನ್ನ ಗಾಜಿನ ನಾರಿನ ಹಾಳೆ ಹೀರ್ಕೊಂಡಿರೋ ಸೀಲ್ ಮಾಡಿದ ಬ್ಯಾಟ್ರಿ) ಆದ್ರೆ ಇಡಬಹುದು, ಅದರಲ್ಲೂ ಗಾಳಿ ಹೊರಗೆ ಹೋಗೋ ಪೈಪ್ ಇರೋ ಬಾಕ್ಸ್ ಒಳಗೆ.

ಬಾನೆಟ್ ಒಳಗೆ ಜಾಗ ಇಲ್ಲ ಅಂತ ಬೇಜಾರಾಗ್ಬೇಡಿ, ಅಲ್ಲಿ ಶಾಖ ಜಾಸ್ತಿ, 10 ಡಿಗ್ರಿ ಏರಿದ್ರೆ ಬ್ಯಾಟ್ರಿ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗತ್ತೆ ಅನ್ನೋದು ಹಳೇ ಲೆಕ್ಕ. ಪಿಕಪ್‌ಗೆ ತೊಟ್ಟೀಲಿ ಮುಂದಿನ ಮೂಲೆ ಒಳ್ಳೇ ಜಾಗ, ಮುಚ್ಚಳದ ಬಾಕ್ಸ್ ಮಾಡಿ. ಆದ್ರೆ 100 ಆಂಪ್ ಅವರ್ ಲೆಡ್ ಬ್ಯಾಟ್ರಿ 25ರಿಂದ 30 ಕೆಜಿ ತೂಗತ್ತೆ, ಹಗ್ಗ, ರಬ್ಬರ್ ಬೆಲ್ಟ್ ಕಟ್ಟಿ ಬಿಡೋ ವಸ್ತು ಅಲ್ಲ, ಗಾಡಿ ಪಲ್ಟಿ ಹೊಡೆದ್ರೂ ಅಲ್ಲೇ ಇರೋ ಹಾಗೆ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟ್ ಬಿಗೀರಿ.

ಪ್ರಶ್ನೆ: ನಮ್ಮ ಗಾಡಿ ಆಲ್ಟರ್ನೇಟರ್ 45 ಆಂಪ್ ಅಷ್ಟೇ. ಎರಡು ಬ್ಯಾಟ್ರಿ ಹಾಕಿದ್ರೆ ಸುಟ್ಟೋಗತ್ತಾ? ದೊಡ್ಡದು ಹಾಕ್ಲೇಬೇಕಾ?

ಉತ್ತರ: ಬ್ಯಾಟ್ರಿ ಎರಡಾದ್ರೆ ಆಲ್ಟರ್ನೇಟರ್ ಡಬಲ್ ದುಡಿಯಲ್ಲ, ಅದರ ಕೈಲಾದಷ್ಟೇ ಕೊಡೋದು, ಜಾಸ್ತಿ ಕೇಳಿದ್ರೆ ವೋಲ್ಟೇಜ್ ಇಳಿಸತ್ತೆ. ಸುಡೋದು ಯಾವಾಗ ಅಂದ್ರೆ ಗಂಟೆಗಟ್ಟಲೆ ಫುಲ್ ಲೋಡಲ್ಲಿ ಬಿಸಿಯಾಗಿ ಓಡಿದಾಗ. ಮತ್ತೆ ಆ 45 ಅನ್ನೋದು ಇಂಜಿನ್ ಜೋರಾಗಿ ಓಡೋವಾಗಿನ ಮಾತು, ಸ್ಲೋನಲ್ಲಿ ಅರ್ಧನೂ ಬರಲ್ಲ. ರಾತ್ರಿ ಓಡಿಸೋವಾಗ ಎರಡು ಹೆಡ್‌ಲೈಟು 9 ಆಂಪ್, ಬ್ಲೋವರ್ 10, ವೈಪರ್ 5 ಅಂತ ಕಳೀತಾ ಹೋಗಿ, 20 ಉಳಿದ್ರೆ ಹೆಚ್ಚು. ಆ 20ರಲ್ಲಿ ಅರ್ಧ ಖಾಲಿ ಆಗಿರೋ 100ರ ಬ್ಯಾಟ್ರಿ ತುಂಬೋಕೆ ಎಷ್ಟು ಹೊತ್ತು ಬೇಕು ನೋಡಿ, ಮೊದಲ ಭಾಗ ಬೇಗ ತುಂಬತ್ತೆ, ಕೊನೇ 20 ಪರ್ಸೆಂಟ್ ಮೂರು ನಾಲ್ಕು ಗಂಟೆ ತಿನ್ನತ್ತೆ, ಅದು ಲೆಡ್ ಆಸಿಡ್ ಸ್ವಭಾವ, ಆಲ್ಟರ್ನೇಟರ್ ದೊಡ್ಡದು ಹಾಕಿದ್ರೂ ಆ ಕೊನೇ ಭಾಗ ಬೇಗ ಆಗಲ್ಲ.

ಅದಕ್ಕೆ ನಾನು ಹೇಳೋದು, ಆಲ್ಟರ್ನೇಟರ್ ಬದಲಾಯಿಸೋ ಮುಂಚೆ ಒಂದು ಒಳ್ಳೇ ಮನೆ ಚಾರ್ಜರ್ ತಗೊಳ್ಳಿ, ಗಾಡಿ ಮನೇಲಿ ನಿಂತಾಗ ವಾರಕ್ಕೊಂದು ಸಲ ರಾತ್ರಿಯಿಡೀ ಹಾಕಿ. ತೊಟ್ಟಿ ಮೇಲೆ 100 ವಾಟ್ ಸೋಲಾರ್ ಪ್ಯಾನಲ್ ಕೂರಿಸಿದ್ರೂ ಆ ಕೊನೇ ಭಾಗ ತಾನೇ ತುಂಬ್ಕೊಳತ್ತೆ, ಬಿಸಿಲಲ್ಲಿ 5 ಆಂಪ್ ಹತ್ರ ಬರತ್ತೆ, ಕಂಟ್ರೋಲರ್ ಮಾತ್ರ ಹಾಕ್ಲೇಬೇಕು.

ಪ್ರಶ್ನೆ: ನಂದು ತುಂಬಾ ಹಳೇದು, ಆಲ್ಟರ್ನೇಟರ್ ಅಲ್ಲ, ನಿಜವಾದ ಡೈನಮೋ (ಆಲ್ಟರ್ನೇಟರ್ ಬರೋಕೆ ಮುಂಚೆ ಅದೇ ಕೆಲಸ ಮಾಡ್ತಿದ್ದ ಯಂತ್ರ) ಇದೆ. ಹಾಕ್ಬಹುದಾ?

ಉತ್ತರ: ಬೇಡ. ಕ್ರೈಸ್ಲರ್‌ನವರು 1960ರಲ್ಲಿ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿದ್ದೇ ಡೈನಮೋ ಸ್ಲೋನಲ್ಲಿ ಏನೂ ಕೊಡಲ್ಲ ಅನ್ನೋ ಕಾಟಕ್ಕೆ. ಮೊದಲು ಆಲ್ಟರ್ನೇಟರ್‌ಗೆ ಬದಲಾಯಿಸಿ, ಆಮೇಲೆ ಬನ್ನಿ. ಹಾಂ, ಆ ಕಾಲದ ಕೆಲವು ಗಾಡೀಲಿ ಬಾಡಿಗೆ ಪ್ಲಸ್ ಅರ್ಥಿಂಗ್ ಇರತ್ತೆ, ಬ್ಯಾಟ್ರಿಯ ಯಾವ ಕಡೆ ಬಾಡಿಗೆ ಹೋಗಿದೆ ಅಂತ ನೋಡದೆ ಏನೂ ಮುಟ್ಬೇಡಿ.

ಪ್ರಶ್ನೆ: ಎಷ್ಟು ದೊಡ್ಡ ಬ್ಯಾಟ್ರಿ ಹಾಕ್ಲಿ? ಮನೇಲಿ ಒಂದು ಹಳೇ ಲಾರಿ ಬ್ಯಾಟ್ರಿ ಸುಮ್ನೆ ಬಿದ್ದಿದೆ, ಅದೇ ಹಾಕ್ಲಾ? ಒಂದು ಇನ್ವರ್ಟರ್ ಹಾಕಿ ನೀರು ಕಾಯಿಸೋ ಕೆಟಲ್ ಕೂಡ ಓಡಿಸೋ ಪ್ಲಾನ್ ಇದೆ.

ಉತ್ತರ: ಲಾರಿ ಬ್ಯಾಟ್ರಿ ಸೆಲ್ಫಿಗೆ ಅಂತ ಮಾಡಿದ್ದು. ಒಳಗೆ ತೆಳು ಪ್ಲೇಟು ಜಾಸ್ತಿ ಇಟ್ಟಿರ್ತಾರೆ, ಒಂದೇ ಏಟಿಗೆ ನೂರಾರು ಆಂಪ್ ಕೊಡ್ಲಿ ಅಂತ. ರಾತ್ರಿಯಿಡೀ ನಿಧಾನಕ್ಕೆ ಖಾಲಿ ಮಾಡೋದು ಅದಕ್ಕೆ ಆಗ್ಬರಲ್ಲ. ಸುಮ್ನೆ ಬಿದ್ದಿದ್ದು ಬೇರೆ, ಅಷ್ಟರಲ್ಲಾಗ್ಲೇ ಸಲ್ಫೇಟ್ ಹಿಡಿದಿರತ್ತೆ. ದಪ್ಪ ಪ್ಲೇಟಿನ ಡೀಪ್ ಸೈಕಲ್ ತಗೊಳ್ಳಿ.

ಸೈಜ್ ಲೆಕ್ಕ ಹೀಗೆ. ಸಣ್ಣ ಕಂಪ್ರೆಸರ್ ಫ್ರಿಜ್ ಆನ್ ಆಫ್ ಆಗ್ತಾ ಸರಾಸರಿ 2 ಆಂಪ್ ತಗೊಂಡ್ರೆ 12 ಗಂಟೇಲಿ 24. ಹತ್ತು ವಾಟಿನ ಲೈಟು 4 ಗಂಟೆ ಅಂದ್ರೆ 3 ಚಿಲ್ಲರೆ. ಫೋನ್‌ಗಳು ಒಂದು 3. ಒಟ್ಟು 30, ಸೆಖೆ ಇದ್ರೆ ಫ್ರಿಜ್ ಜಾಸ್ತಿ ಓಡತ್ತೆ ಅಂತ 40 ಇಟ್ಕೊಳ್ಳಿ. ಲೆಡ್ ಬ್ಯಾಟ್ರೀಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದ್ರೆ ಬೇಗ ಸಾಯತ್ತೆ, ಅಲ್ಲಿಗೆ 80 ಬೇಕು, 100 ಹಾಕಿ. ಅದರ ಮೇಲೆ ಬರೆದಿರೋ 100 ಅನ್ನೋದು ಸಾಮಾನ್ಯವಾಗಿ 20 ಗಂಟೆ ಲೆಕ್ಕದ್ದು, ಅಂದ್ರೆ 5 ಆಂಪ್ ಹಾಗೆ 20 ಗಂಟೆ. ಜಾಸ್ತಿ ಎಳೆದಷ್ಟೂ ಒಟ್ಟು ಸಿಗೋದೇ ಕಮ್ಮಿ ಆಗತ್ತೆ.

ಕೆಟಲ್ ಕಥೆ ಇಲ್ಲೇ ಮುಗೀತು. 800 ವಾಟ್ ಅಂದ್ರೆ ಇನ್ವರ್ಟರ್ ನಷ್ಟ ಸೇರಿ 75 ಆಂಪ್ ಮೇಲೆ. ಮೂಗಿಗಿಂತ ಮೂಗುತಿ ಭಾರ. ನೀರು ಗ್ಯಾಸಲ್ಲಿ ಕಾಯಿಸ್ಕೊಳ್ಳಿ.

ಪ್ರಶ್ನೆ: ಲಿಥಿಯಂ ಹಗುರ, ಬೇಗ ಚಾರ್ಜ್ ಆಗತ್ತೆ ಅಂತಾರೆ. ನೇರವಾಗಿ ವಿಎಸ್‌ಆರ್‌ಗೆ ಹಾಕ್ಬಹುದಾ?

ಉತ್ತರ: ಹಗುರ ಅನ್ನೋದು ನಿಜ, ಅದೇ 100 ಆಂಪ್ ಅವರ್ 12 ಕೆಜಿ ಆಸುಪಾಸಲ್ಲಿ ಸಿಗತ್ತೆ. ಆದ್ರೆ ಬೇಗ ಚಾರ್ಜ್ ಆಗೋದೇ ಇಲ್ಲಿ ಸಮಸ್ಯೆ. ಲೆಡ್ ಬ್ಯಾಟ್ರಿ ಸ್ವಲ್ಪ ತುಂಬಿದ ಮೇಲೆ ಸಾಕು ಸಾಕು ಅನ್ನತ್ತೆ, ಲಿಥಿಯಂ ಕೊನೇವರೆಗೂ ಕೊಟ್ಟಷ್ಟೂ ಬೇಕು ಅನ್ನತ್ತೆ, ಪಾಪ ಹಳೇ ಆಲ್ಟರ್ನೇಟರ್ ಫುಲ್ ಲೋಡಲ್ಲಿ ಓಡಿ ಓಡಿ ಡಯೋಡ್ ಸುಟ್ಕೊಳತ್ತೆ. ಇನ್ನೊಂದು, ತುಂಬಿದ ಲಿಥಿಯಂ ಸುಮ್ನೆ ನಿಂತಾಗಲೇ 13.2, 13.3 ತೋರಿಸತ್ತೆ, 12.8ಕ್ಕೆ ಬಿಡ್ಬೇಕು ಅಂತ ಕಾಯ್ತಿರೋ ವಿಎಸ್‌ಆರ್ ಬಿಡೋದೇ ಇಲ್ಲ. ಡಿಸಿ ಟು ಡಿಸಿ ಹಾಕಿ, 20 ಅಥವಾ 25 ಆಂಪಿಂದು, ಅದು ಎಳೆಯೋದಕ್ಕೆ ಮಿತಿ ಹಾಕತ್ತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡ್ಬಾರ್ದು, ಹಿಮ ಬೀಳೋ ಕಡೆ ಓಡಾಡೋರು ಗಮನಿಸಿ.

ಪ್ರಶ್ನೆ: ನಮ್ಮ ಡೀಸೆಲ್ ಗಾಡೀಲಿ ಕಂಪನಿಯಿಂದಲೇ ಎರಡು ಬ್ಯಾಟ್ರಿ ಬಂದಿದೆ. ಒಂದನ್ನ ಫ್ರಿಜ್ಜಿಗೆ ಬಿಟ್ಟುಕೊಡ್ಲಾ?

ಉತ್ತರ: ಮೀಟರ್ ಇಟ್ಟು ನೋಡಿ ಮೊದಲು. ಎರಡೂ ಸೇರಿ 12 ತೋರಿಸಿದ್ರೆ ಪ್ಯಾರಲಲ್, ದೊಡ್ಡ ಡೀಸೆಲ್ ಇಂಜಿನ್ ಚಳೀಲಿ ತಿರುಗಿಸೋಕೆ ಎರಡೂ ಬೇಕು ಅಂತಲೇ ಕೊಟ್ಟಿರೋದು, ಅದರಲ್ಲಿ ಒಂದನ್ನ ಕಿತ್ಕೊಂಡ್ರೆ ಚಳೀಲಿ ಕೈಕೊಡತ್ತೆ, ಮೂರನೇದು ಬೇರೆ ಹಾಕಿ. 24 ತೋರಿಸಿದ್ರೆ ಸೀರೀಸ್. ಆಗ ಒಂದೇ ಬ್ಯಾಟ್ರಿಯಿಂದ 12 ಎಳ್ಕೊಳ್ಳೋ ಚಾಳಿ ತುಂಬಾ ಜನಕ್ಕಿದೆ, ಹಾಗೆ ಮಾಡಿದ್ರೆ ಎಳೆದ ಬ್ಯಾಟ್ರಿ ಅರೆಹೊಟ್ಟೆ, ಪಕ್ಕದ್ದು ಓವರ್‌ಚಾರ್ಜ್, ಎರಡೂ ಹಾಳು. 24ರಿಂದ 12 ಮಾಡೋ ಚಾರ್ಜರ್ ಹಾಕಿ.

ಪ್ರಶ್ನೆ: ಮುಂದಿನದು ಡೌನ್ ಆದ್ರೆ ಹಿಂದಿನ ಬ್ಯಾಟ್ರಿಯಿಂದ ಸೆಲ್ಫ್ ಹೊಡೀಬಹುದಲ್ವಾ?

ಉತ್ತರ: ಆ 16 ಸ್ಕ್ವೇರ್ ಕೇಬಲಲ್ಲಿ ಆಗಲ್ಲ. ಡೀಸೆಲ್ ಸೆಲ್ಫ್ 200, 300 ಆಂಪ್ ಕೇಳತ್ತೆ, ಫ್ಯೂಸ್ ಕಣ್ಣುಮುಚ್ಚೋದರಲ್ಲಿ ಹಾರತ್ತೆ. ಆದ್ರೆ ಕೈಯಿಂದ ಸೇರಿಸೋ ಬಟನ್ ಇರೋ ವಿಎಸ್‌ಆರ್ ಇದ್ರೆ ಸೇರಿಸಿ ಒಂದು ಹದಿನೈದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಹಿಂದಿಂದು ಮುಂದಿನದಕ್ಕೆ ನಿಧಾನಕ್ಕೆ ಸ್ವಲ್ಪ ಜೀವ ತುಂಬತ್ತೆ, ಆಮೇಲೆ ಬಿಡಿಸಿ ಸೆಲ್ಫ್ ಹೊಡೀರಿ. ಬಿಡಿಸೋದು ಮರೀಬೇಡಿ. ಒಂದೇ ಏಟಿಗೆ ಹೊಡೀಬೇಕು ಅಂದ್ರೆ 50 ಸ್ಕ್ವೇರ್ ಕೇಬಲ್ಲು, ಅಷ್ಟೇ ಗಟ್ಟಿ ಸ್ವಿಚ್ಚು ಬೇಕು.

ಪ್ರಶ್ನೆ: ನೀವು ಹೇಳೋದೆಲ್ಲ ಮಾಡಿದೀನಿ, 25 ಸ್ಕ್ವೇರ್, ಎರಡು ಫ್ಯೂಸ್, ವಿಎಸ್‌ಆರ್ ಲೈಟೂ ಉರಿಯತ್ತೆ. ಆದ್ರೂ ಐದು ಗಂಟೆ ಓಡಿಸಿದ್ರೂ ಹಿಂದಿನ ಬ್ಯಾಟ್ರಿ 12.3 ದಾಟ್ತಿಲ್ಲ!

ಉತ್ತರ: ಮೈನಸ್ ಎಲ್ಲಿ ಕಟ್ಟಿದೀರಿ? ತೊಟ್ಟಿ ತಗಡಿಗೆ ಸ್ಕ್ರೂ ಹಾಕಿ ಕಟ್ಟಿರ್ತೀರಿ, ಪಂದ್ಯ ಕಟ್ತೀನಿ. ಪಿಕಪ್ಪಲ್ಲಿ ತೊಟ್ಟಿ ಬೇರೆ, ಕ್ಯಾಬಿನ್ ಬೇರೆ, ಚಾಸಿಸ್ ಬೇರೆ, ಮಧ್ಯ ರಬ್ಬರು, ಪೇಂಟು, ಇಷ್ಟು ವರ್ಷದ ತುಕ್ಕು. ಹೋಗೋ ದಾರಿ ಹೈವೇ ಮಾಡಿ ಬರೋ ದಾರಿ ಕಾಲುದಾರಿ ಬಿಟ್ರೆ ಹೀಗೇ.

ಇಂಜಿನ್ ಓಡ್ತಿರ್ಲಿ, ಮೀಟರ್ ವೋಲ್ಟಲ್ಲಿ ಇಟ್ಟು ಒಂದು ಕಡ್ಡಿ ಹಿಂದಿನ ಬ್ಯಾಟ್ರಿ ಮೈನಸ್ ಮೇಲೆ, ಇನ್ನೊಂದು ಉದ್ದ ವೈರ್ ಸೇರಿಸಿ ಮುಂದಿನ ಬ್ಯಾಟ್ರಿ ಮೈನಸ್ ಮೇಲೆ. 0.2 ಒಳಗೆ ಇರ್ಬೇಕು. 1, 1.5 ತೋರಿಸಿದ್ರೆ ಕಳ್ಳ ಸಿಕ್ಕ. ಚಾಸಿಸ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬಿಳೀ ಕಬ್ಬಿಣ ಕಾಣೋವರೆಗೂ ಉಜ್ಜಿ, ಪ್ಲಸ್‌ನಷ್ಟೇ ದಪ್ಪದ ಕೇಬಲ್‌ಗೆ ಲಗ್ (ತುದೀಗೆ ಹಾಕೋ ಬೋಲ್ಟ್ ತೂತಿನ ಲೋಹದ ಕಿವಿ) ಹಾಕಿ ಬೋಲ್ಟ್ ಬಿಗಿದು, ಮೇಲೆ ಗ್ರೀಸೋ ಪೇಂಟೋ ಬಳೀರಿ. ಮುಂದೆ ಬ್ಯಾಟ್ರಿಯಿಂದ ಚಾಸಿಸ್, ಚಾಸಿಸಿಂದ ಇಂಜಿನ್ ಪಟ್ಟಿ ಕೂಡ ನೋಡಿ, ಹಳೇ ಗಾಡೀಲಿ ಆ ಜಡೆ ಪಟ್ಟಿ ಹೊರಗೆ ಸರಿ ಕಂಡ್ರೂ ಲಗ್ ಒಳಗೆ ಹಸಿರು ಹಿಡಿದು ನಾಲ್ಕು ಎಳೆ ಉಳಿದಿರತ್ತೆ. ಲಗ್‌ಗಳನ್ನ ಸುತ್ತಿಗೇಲಿ ಬಡಿದು ಕೂರಿಸಿದ್ರೆ ಅದೂ ಬಿಚ್ಚಿ, ಕ್ರಿಂಪಿಂಗ್ ಟೂಲಲ್ಲಿ ಮಾಡ್ಸಿ.

ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಮೈನಸ್ ಕೊನೇಗೆ, ಎರಡೂ ಬ್ಯಾಟ್ರಿದು. ಕೈ ಉಂಗುರ, ಸ್ಟೀಲ್ ವಾಚ್ ತೆಗೆದಿಡಿ. ಇಂಜಿನ್ ಓಡ್ತಿರೋವಾಗ ಬ್ಯಾಟ್ರಿ ಬಿಚ್ಚಿ ನೋಡೋ ಹಳೇ ಟೆಸ್ಟ್ ಮಾತ್ರ ಮಾಡ್ಬೇಡಿ, ಆಲ್ಟರ್ನೇಟರ್ ಡಯೋಡ್ ಹೋಗತ್ತೆ.

ಪ್ರಶ್ನೆ: ನಾನು ಗಾಡೀಲಿ ಮಲಗಲ್ಲ, ಫ್ರಿಜ್ ಇಲ್ಲ. ವರ್ಷಕ್ಕೆ ಒಂದೆರಡು ಸಲ ಲೈಟ್ ಆಫ್ ಮಾಡೋದು ಮರ್ತು ಡೌನ್ ಆಗತ್ತೆ. ಇಷ್ಟೆಲ್ಲ ಯಾಕೆ, ಒಂದು ಜಂಪ್ ಸ್ಟಾರ್ಟರ್ ಪ್ಯಾಕ್ ಇಟ್ಕೊಂಡ್ರೆ ಸಾಕಲ್ವಾ?

ಉತ್ತರ: ಸಾಕು. ಧಾರಾಳವಾಗಿ ಸಾಕು. ಡೀಸೆಲ್ ಆದ್ರೆ ನಿಮ್ಮ ಇಂಜಿನ್ ಸೈಜಿಗೆ ಆಗತ್ತೆ ಅಂತ ಬರೆದಿರೋದೇ ತಗೊಳ್ಳಿ, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿಡಿ, ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಬಿಡ್ಬೇಡಿ. ಉಳಿದ ದುಡ್ಡಲ್ಲಿ ಕೀ ತೆಗೆದ್ರೂ ಲೈಟ್ ಉರೀತಿದ್ರೆ ಕೂಗೋ ಒಂದು ಬಜರ್ ಹಾಕಿಸ್ಕೊಳ್ಳಿ.